ರಾಶಿ ಮಷಿನ್ ಬಾಯಿಗೆ ಹುಡುಗರನ್ನು ನಿಲ್ಲಿಸಬೇಡಿ

"ಹೊಲ ನಮ್ಮದು, ಹುಡುಗ ನಮ್ಮಂವ. ದುಡಿದ್ರ ಸರ್ಕಾರಕ್ಕೇನ್ ತ್ರಾಸು?" ಎಂದು ನಮ್ಮ ಕಡೆ ಬಹಳ ಮಂದಿ ಕೇಳುತ್ತಾರೆ. ಕಾನೂನೇನೂ ಅಷ್ಟು ಒರಟಾಗಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 14ರೊಳಗಿನ ಮಗು ಶಾಲೆ ಬಿಟ್ಟ ಮೇಲೆ, ಇಲ್ಲವೇ ರಜೆಯಲ್ಲಿ, ಮನೆಯವರಿಗೆ ನೆರವಾಗಬಹುದು. ಅಪಾಯದ ಕೆಲಸ ಮಾತ್ರ ಕೂಡದು. ಮನೆಯವರೆಂದರೆ ತಂದೆ-ತಾಯಿ, ಒಡಹುಟ್ಟಿದವರು, ತಂದೆ-ತಾಯಿಯ ಒಡಹುಟ್ಟಿದವರು. ಮುಯ್ಯಾಳಿಗೆ ಬಂದ ಪಕ್ಕದ ಹೊಲದವನ ಮಗ ಈ ಲೆಕ್ಕದಲ್ಲಿ ಬರುವುದಿಲ್ಲ.

ಕೂಲಿಗೆ ಹಚ್ಚಿದರೆ ಮಾತೇ ಬೇರೆ. 14ರೊಳಗಿನವರನ್ನು ಹೊಲದ ಯಾವ ಕೂಲಿಗೂ ಕರೆಯುವಂತಿಲ್ಲ. 14 ತುಂಬಿ 18 ಆಗದವರನ್ನು ಗಣಿ, ಸಿಡಿಮದ್ದು, ಬೇಗ ಬೆಂಕಿ ಹತ್ತುವ ಸಾಮಾನು, ಪಟ್ಟಿಯಲ್ಲಿರುವ ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. ಬಾವಿಯ ಬಂಡೆಗೆ ಮದ್ದು ತುಂಬುವವರ ಕೈಕೆಳಗೆ ಹುಡುಗರನ್ನು ಬಿಡುವವರು ಇದನ್ನು ನೆನಪಿಡಬೇಕು. ತಪ್ಪಿದರೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20ರಿಂದ 50 ಸಾವಿರ ರೂಪಾಯಿ ದಂಡ, ಎರಡೂ ಆಗಬಹುದು.

ಕಾಯ್ದೆಯಲ್ಲಿ ಕೆಲಸದ ಜಾಗ ಅಂದರೆ ಕಾರ್ಖಾನೆ, ಅಂಗಡಿ ಅಷ್ಟೇ ಅಲ್ಲ, ಹೊಲವೂ ಸೇರಿದೆ. 14ರಿಂದ 18ರ ನಡುವಿನ ಕೂಲಿಯವರಿಗೆ ಮೂರು ತಾಸಿಗೊಮ್ಮೆ ಒಂದು ತಾಸು ಬಿಡುವು ಕೊಡಬೇಕು. ಬಿಡುವು, ಕೆಲಸಕ್ಕೆ ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ ಆರು ತಾಸು ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರ ತನಕ ದುಡಿಸಬಾರದು.

ನಮ್ಮ ರಾಶಿಗಳೋ, ರಾತ್ರಿ ದೀಪ ಹಚ್ಚಿಯೇ ನಡೆಯುವವು. ಹೋದ ಸುಗ್ಗಿಯಲ್ಲಿ ನಮ್ಮ ಬಿಳಿಜೋಳಕ್ಕೆ ಬಂದ ಮಷಿನ್ ಜೊತೆ ಹದಿನೈದರ ಹುಡುಗನೊಬ್ಬ ಇದ್ದ. ರಾತ್ರಿ ಒಂಬತ್ತಾಗಿತ್ತು. ಕೊರಳಲ್ಲಿ ಟವೆಲ್, ತೋಳು ಜೋತಾಡುವ ಅಂಗಿ, ಕಣ್ಣಲ್ಲಿ ನಿದ್ದೆ. ಮಷಿನ್ ಬಾಯಿಗೆ ತೆನೆ ದೂಡುತ್ತಿದ್ದ. "ಇಂವನ್ನ ಇಳಸ್ರಿ" ಅಂದೆ. "ಇಂವನಷ್ಟು ಚಲೋ ತೆನಿ ಕೊಡಾಂವ ಯಾರೂ ಇಲ್ರಿ ಕಾಕಾ, ಮುಂದಿನ ಹೊಲದವರು ಕಾಯಾಕತ್ತಾರ" ಅಂದ ಮಷಿನ್‌ನವನು. ಮೋಡ ಬೇರೆ ಕಟ್ಟಿತ್ತು. ಆದರೂ ಮಷಿನ್ ನಿಲ್ಲಿಸಿಸಿದೆ. ದೊಡ್ಡವರೊಬ್ಬರನ್ನು ಕರೆತರಲು ಎರಡು ತಾಸು ಹೋಯಿತು, ಬಾಡಿಗೆಯೂ ಹೆಚ್ಚಾಯಿತು. ಟವೆಲ್ ತುದಿ ಒಳಗೆ ಸಿಕ್ಕರೆ ಅದರ ಹಿಂದೆ ಕೈ ಹೋಗುತ್ತದೆ, ಟ್ರ್ಯಾಕ್ಟರ್ ಬಂದ್ ಮಾಡುವಷ್ಟು ವೇಳೆ ಸಿಗುವುದಿಲ್ಲ. ತೆನೆ ಕೊಡುವ ತಟ್ಟೆ ಮೂರು ಅಡಿಯಾದರೂ ಉದ್ದ ಇರಬೇಕು, ಮಷಿನ್ ಕಡೆಯ ಒಂದೂವರೆ ಅಡಿ ಮುಚ್ಚಿರಬೇಕು. ಗಿಡ್ಡ ತಟ್ಟೆಯ ಮಷಿನ್ ಅಗ್ಗಕ್ಕೆ ಬಂದರೂ ನಾನು ಕರೆಯುವುದಿಲ್ಲ.

ಟ್ರ್ಯಾಕ್ಟರ್ ವಿಷಯ ಇನ್ನೂ ಬಿಗಿ. 18 ತುಂಬದವರು ರಸ್ತೆಯಲ್ಲಿ ಓಡಿಸಿ ಸಿಕ್ಕರೆ, 2019ರ ತಿದ್ದುಪಡಿಯಂತೆ ಪಾಲಕರಿಗೆ ಇಲ್ಲವೇ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ಆಗುವವರೆಗೆ ಲೈಸೆನ್ಸ್ ಇಲ್ಲ.

ಎಣ್ಣಿ ಹೊಡೆಯುವ ಪಂಪನ್ನೂ ಹುಡುಗರ ಬೆನ್ನಿಗೆ ಏರಿಸಬಾರದು. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಎಣ್ಣಿ ಹೊಡೆದು ಸತ್ತವರು ಪಳಗಿದ ರೈತರು, ಕೂಲಿಗಳು. ಎಳೆಯ ಮೈ ಅದನ್ನು ಹೇಗೆ ತಡೆದೀತು?

ಮರುದಿನ ಆ ಹುಡುಗನ ತಾಯಿ ಬಂದು, "ಅಂವನ ಕೂಲಿ ಬಿಟ್ರ ಮನಿ ನಡಸೋರು ಯಾರ್ರೀ ಯಣ್ಣಾ?" ಅಂದಳು. ಕಾಯ್ದೆಯಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ಹಗಲು ಹೊತ್ತಿನಲ್ಲಿ ಕಣ ಗುಡಿಸುವ, ಚೀಲ ಹೊಲಿಯುವ ಕೆಲಸಕ್ಕೆ ಹಚ್ಚಿದ್ದೇನೆ. ಕೂಲಿ ಮಾತ್ರ ದೊಡ್ಡವರದೇ.