ಹೆಲ್ಮೆಟ್ ಕೊಟ್ಟರೆ ಹೊಣೆ ಮುಗಿಯಿತೇ?

ಕಾರ್ಖಾನೆಯಲ್ಲೋ ಕಟ್ಟಡದ ಸೈಟಿನಲ್ಲೋ ಯಾರಾದರೂ ಸತ್ತರೆ ಮರುದಿನದ ಸುದ್ದಿಯಲ್ಲಿ ಹಲವು ಸಲ ಒಂದು ಸಾಲು ಕಾಣಿಸುತ್ತದೆ: ‘ಕಾರ್ಮಿಕನ ಅಜಾಗರೂಕತೆಯೇ ಅವಘಡಕ್ಕೆ ಕಾರಣ ಎನ್ನಲಾಗಿದೆ.’ ಎಂದವರು ಯಾರು ಎಂದು ಕೇಳುವವರಿಲ್ಲ. ಸತ್ತವನು ಎದ್ದು ಬಂದು ಹೇಳಿಕೆ ಕೊಡುವಂತಿಲ್ಲ. ಕಣ್ಣಾರೆ ಕಂಡವರು ನಾಳೆ ಬೆಳಿಗ್ಗೆ ಅದೇ ಗೇಟಿನೊಳಗೆ ಹೋಗಬೇಕಾದವರು.

ಈ ನಂಬಿಕೆಗೆ ಲೆಕ್ಕದ ಬಲ ಸಿಕ್ಕಿದ್ದು 1931ರಲ್ಲಿ. ಅಮೆರಿಕದ ಟ್ರಾವೆಲರ್ಸ್ ವಿಮಾ ಕಂಪನಿಯಲ್ಲಿದ್ದ ಹರ್ಬರ್ಟ್ ಹೈನ್‌ರಿಚ್ ಆ ವರ್ಷ ಕೈಗಾರಿಕಾ ಅಪಘಾತಗಳ ಬಗ್ಗೆ ಪುಸ್ತಕವೊಂದನ್ನು ಪ್ರಕಟಿಸಿದರು. ನೂರರಲ್ಲಿ 88 ಅಪಘಾತಗಳಿಗೆ ಮನುಷ್ಯರ ತಪ್ಪು ನಡವಳಿಕೆ ಕಾರಣ, 10ಕ್ಕೆ ಸ್ಥಳದ ದೋಷ, ಉಳಿದ 2 ತಪ್ಪಿಸಲಾಗದವು ಎಂದು ಅವರು ಹೇಳಿದರು. ಇಂದಿಗೂ ಸುರಕ್ಷತಾ ತರಬೇತಿಗಳಲ್ಲಿ ಈ ಅಂಕಿ ಪರದೆಯ ಮೇಲೆ ಮೂಡುತ್ತದೆ. ಆದರೆ ಹೈನ್‌ರಿಚ್ ಆಧರಿಸಿದ್ದು ವಿಮಾ ಕಡತಗಳನ್ನು ಮತ್ತು ಕಾರ್ಖಾನೆಗಳ ದಾಖಲೆಗಳನ್ನು. ಅವುಗಳಲ್ಲಿ ‘ಕಾರಣ’ ಎಂಬ ಕಾಲಂ ತುಂಬುತ್ತಿದ್ದವರು ಬಹುಮಟ್ಟಿಗೆ ಮೇಲ್ವಿಚಾರಕರು ಮತ್ತು ಮಾಲೀಕರೇ. ತಮ್ಮ ಮೇಲೆ ತಾವೇ ತಪ್ಪು ಹೊರಿಸಿಕೊಂಡು ಬರೆಯುವ ಸೂಪರ್‌ವೈಸರ್ ಆಗಲೂ ಅಪರೂಪ, ಈಗಲೂ ಅಪರೂಪ.

ಪವರ್ ಪ್ರೆಸ್ಸಿನಲ್ಲಿ ಬೆರಳು ಹೋಯಿತು ಎಂದುಕೊಳ್ಳಿ. ಗಾರ್ಡ್ ತೆಗೆದಿದ್ದು ಕಾರ್ಮಿಕನೇ, ನಿಜ. ಗಾರ್ಡ್ ಇದ್ದರೆ ಗಂಟೆಗೆ ಇಷ್ಟು ಪೀಸ್ ಆಗುವುದಿಲ್ಲ ಎಂದು ಲೆಕ್ಕ ಹಾಕಿದ್ದು ಯಾರು? ಗಾರ್ಡ್ ತೆಗೆದರೂ ಯಂತ್ರ ಓಡುವ ಹಾಗೆ ಬಿಟ್ಟಿದ್ದು ಯಾರು? ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್‌ಗಳು ಬಂದು ದಶಕಗಳೇ ಆಗಿವೆ. ಅಂಥ ಪ್ರೆಸ್ಸಿನಲ್ಲಿ, ಎಷ್ಟೇ ಮೈಮರೆತರೂ, ಅಚ್ಚು ಇಳಿಯುವಾಗ ಗುಂಡಿ ಒತ್ತುವವನ ಕೈ ಅದರಡಿ ಇರಲು ಆಗುವುದಿಲ್ಲ.

‘ತಪ್ಪು ಅವನದೇ, ಹಾಗಾಗಿ ಪರಿಹಾರ ಕೊಡಬೇಕಿಲ್ಲ’ ಎಂಬುದು ಅಜಾಗರೂಕತೆಯ ಮಾತಿನ ಬೆನ್ನಿಗೇ ಬರುವ ನಂಬಿಕೆ. 1923ರ ಪರಿಹಾರ ಕಾಯ್ದೆ ಹೀಗೆ ಹೇಳಿರಲೇ ಇಲ್ಲ. ಕೆಲಸದ ನಡುವೆ, ಕೆಲಸದ ಕಾರಣದಿಂದ ಗಾಯವಾದರೆ ಯಾರ ತಪ್ಪು ಎಂದು ನೋಡದೆ ಪರಿಹಾರ ಕೊಡಬೇಕೆಂಬುದೇ ಅದರ ತಳಹದಿ. ಕಾರ್ಮಿಕನ ತಪ್ಪಿನ ಹೆಸರಿನಲ್ಲಿ ಸಿಗುವ ವಿನಾಯಿತಿಗಳು ಮೂರೇ: ಕುಡಿದು ಕೆಲಸ ಮಾಡಿದ್ದು, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ್ದು, ರಕ್ಷಣಾ ಸಾಧನವನ್ನು ಬೇಕೆಂದೇ ಕಿತ್ತು ಹಾಕಿದ್ದು. ಬರೀ ಅಜಾಗರೂಕತೆ ಈ ಪಟ್ಟಿಯಲ್ಲಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಕಾರ್ಮಿಕ ಸತ್ತರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲನಾದರೆ ಈ ಮೂರರಲ್ಲಿ ಯಾವುದನ್ನೂ ಮಾಲೀಕ ಮುಂದಿಡುವಂತಿಲ್ಲ. ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ.

ತಪ್ಪು ನಂಬಿಕೆಗಳು ಕಸಿಯುವುದು ಪರಿಹಾರವನ್ನಷ್ಟೇ ಅಲ್ಲ, ಜೀವವನ್ನೂ. ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ 2022ರ ಏಪ್ರಿಲ್‌ನಲ್ಲಿ ಐವರು ಸತ್ತರು. ಎಲ್ಲರೂ ಪಶ್ಚಿಮ ಬಂಗಾಳದಿಂದ ಬಂದ ಯುವಕರು. ಮೀನಿನ ತ್ಯಾಜ್ಯದ ಟ್ಯಾಂಕಿನಲ್ಲಿ ಒಬ್ಬ ಕುಸಿದು ಬಿದ್ದ. ಅವನನ್ನು ಎತ್ತಲು ಜೊತೆಗಾರರು ಇಳಿದರು, ಇಳಿದವರೂ ಬಿದ್ದರು. ಇಂಥ ಸಾವುಗಳು ಹೆಚ್ಚುಕಮ್ಮಿ ಹೀಗೆಯೇ ಸಂಭವಿಸುತ್ತವೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು: ಮುಚ್ಚಿದ ಜಾಗಗಳಲ್ಲಿ ಸಾಯುವವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲು ಹೋದವರು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳು ಕೂಡಿಕೊಂಡು ಜೀವ ತೆಗೆಯುತ್ತವೆ. ಒಂದು, ವಿಷಾನಿಲವಿದ್ದರೆ ವಾಸನೆ ಬರುತ್ತದೆ ಎಂಬುದು. ಕೊಳೆತ ತ್ಯಾಜ್ಯದಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು ನೂರು ಪಾಲಿಗೆ ಏರಿದರೆ ಕೆಲವೇ ನಿಮಿಷಗಳಲ್ಲಿ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಒಳಗಿದ್ದವನು ‘ಈಗ ವಾಸನೆ ಹೋಯಿತು’ ಎಂದುಕೊಳ್ಳುವ ಹೊತ್ತಿಗೆ ಅನಿಲ ಹೆಚ್ಚಾಗಿರಬಹುದು. ಇನ್ನೊಂದು, ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಕು ಎಂಬುದು. ಬಟ್ಟೆ ಅನಿಲವನ್ನು ತಡೆಯುವುದಿಲ್ಲ. ಆಮ್ಲಜನಕವೇ ಇಲ್ಲದ ಜಾಗಕ್ಕೆ ಅದು ಆಮ್ಲಜನಕವನ್ನು ತಂದುಕೊಡುವುದೂ ಇಲ್ಲ.

ಇಳಿಯುವ ಮೊದಲು ಮೀಟರ್ ಇಟ್ಟು ಗಾಳಿ ಪರೀಕ್ಷಿಸಬೇಕು, ಬ್ಲೋವರ್ ಹಚ್ಚಬೇಕು, ಲಿಖಿತ ಅನುಮತಿ ಇರಬೇಕು, ಮೇಲೆ ಒಬ್ಬ ಕಾವಲಿರಬೇಕು, ಇಳಿದವನ ಸೊಂಟಕ್ಕೆ ಹಗ್ಗ ಇರಬೇಕು. ಹಗ್ಗವಿದ್ದರೆ ಯಾರೂ ಇಳಿಯದೆ ಮೇಲಿನಿಂದಲೇ ಎಳೆಯಬಹುದು. ಇದನ್ನೆಲ್ಲ ಒದಗಿಸುವುದು ಟ್ಯಾಂಕಿನ ಒಡೆಯನ ಕೆಲಸ. ಗೆಳೆಯ ಕಣ್ಣೆದುರು ಬಿದ್ದಾಗ ಇಳಿಯದೆ ನಿಲ್ಲುವ ಸಂಯಮವನ್ನು ಇಪ್ಪತ್ತರ ಹುಡುಗನಿಂದ ನಿರೀಕ್ಷಿಸುವುದು ಸುರಕ್ಷತೆಯ ಯೋಜನೆಯಲ್ಲ.

ಹೆಲ್ಮೆಟ್, ಬೂಟು, ಮಾಸ್ಕ್ ಕೊಟ್ಟು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡರೆ ಹೊಣೆ ತೀರಿತು ಎನ್ನುವವರು ಬಹಳ. ಅಪಾಯ ನಿರ್ವಹಣೆಯ ಶಾಸ್ತ್ರದಲ್ಲಿ ಇವು ಕಟ್ಟಕಡೆಯ ಮೆಟ್ಟಿಲು. ಮೊದಲು ಅಪಾಯವನ್ನೇ ತೆಗೆಯಲು ಆಗುತ್ತದೆಯೇ ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತುವನ್ನು ಬಳಸಬೇಕು, ಆಮೇಲೆ ಯಂತ್ರದಲ್ಲೋ ಕಟ್ಟಡದಲ್ಲೋ ತಡೆ ಹಾಕಬೇಕು, ಆಮೇಲೆ ಕೆಲಸದ ಕ್ರಮ ಮತ್ತು ಸಮಯ ಬದಲಿಸಬೇಕು. ಇಷ್ಟಾದ ಮೇಲೂ ಉಳಿಯುವ ಅಪಾಯಕ್ಕೆ ಮಾತ್ರ ಮೈಮೇಲಿನ ರಕ್ಷಣೆ.

ಈ ಕ್ರಮ ಏಕೆ ಮುಖ್ಯ ಎಂಬುದಕ್ಕೆ ಕೋಲಾರದ ಚಿನ್ನದ ಗಣಿ ಸಾಕ್ಷಿ. 1940ರ ದಶಕದಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಪತ್ತೆಯಾಯಿತು. ಕಲ್ಲಿನ ನುಣ್ಣನೆಯ ದೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆ ಮಾಡುವ ಕಾಯಿಲೆ ಇದು. ವಾಸಿ ಮಾಡುವ ಔಷಧ ಇಂದಿಗೂ ಇಲ್ಲ. ಕೇಡು ಮಾಡುವ ಕಣ ಕಣ್ಣಿಗೇ ಕಾಣದಷ್ಟು ಸಣ್ಣದು, ಹೆಗಲ ಮೇಲಿನ ಟವೆಲ್ಲಿನ ನೂಲುಗಳ ಸಂದಿಯಲ್ಲಿ ಸಲೀಸಾಗಿ ನುಗ್ಗುತ್ತದೆ. ಕೊರೆಯುವಾಗಲೇ ನೀರು ಹಾಯಿಸಿದರೆ ದೂಳು ಏಳುವುದೇ ಕಡಿಮೆಯಾಗುತ್ತದೆ. ಇಂದಿನ ಕಲ್ಲು ಕ್ವಾರಿ, ಕ್ರಷರ್, ಗ್ರಾನೈಟ್ ಪಾಲಿಶ್ ಘಟಕಗಳಿಗೂ ಇದೇ ಮಾತು ಸಲ್ಲುತ್ತದೆ: ಮಾಸ್ಕಿಗಿಂತ ನೀರಿನ ಪೈಪು ಮೇಲು.

ಅಂದ ಹಾಗೆ, ಸುರಕ್ಷತೆ ಎಂದರೆ ಬೀಳುವುದು, ಸುಡುವುದು, ಕತ್ತರಿಸಿಹೋಗುವುದನ್ನು ತಡೆಯುವುದು ಮಾತ್ರ ಎಂದುಕೊಂಡವರು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜನ್ನು ನೋಡಬೇಕು. ಜಗತ್ತಿನಲ್ಲಿ ಕೆಲಸದ ಕಾರಣಕ್ಕೆ ವರ್ಷಕ್ಕೆ ಸುಮಾರು 30 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ ಅಪಘಾತದಲ್ಲಿ ಸಾಯುವವರು ಸುಮಾರು 3.3 ಲಕ್ಷ. ಉಳಿದವರು ಸಾಯುವುದು ಕಾಯಿಲೆಯಿಂದ, ಹಲವರು ಕೆಲಸ ಬಿಟ್ಟು ಎಷ್ಟೋ ವರ್ಷಗಳ ಮೇಲೆ. ಅವರ ಸಾವು ಯಾವ ಕಾರ್ಖಾನೆಯ ಲೆಕ್ಕಕ್ಕೂ ಸೇರುವುದಿಲ್ಲ.

‘ನಮ್ಮಲ್ಲಿ ಕೆಮಿಕಲ್ ಇಲ್ಲ, ದೊಡ್ಡ ಯಂತ್ರವೂ ಇಲ್ಲ, ಬರೀ ಗೋದಾಮು’ ಎನ್ನುವವರೂ ಇದ್ದಾರೆ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಆಹಾರ ಸಂಸ್ಕರಣಾ ಘಟಕವೊಂದರಲ್ಲಿ ಬಿಹಾರದ ಏಳು ಕಾರ್ಮಿಕರು ಸತ್ತಿದ್ದು ಮೈಮೇಲೆ ಕುಸಿದ ಮೆಕ್ಕೆಜೋಳದ ಮೂಟೆಗಳಡಿ.

ಇಂಥ ಕಡೆ ಕೇಳಿಬರುವ ಇನ್ನೊಂದು ಮಾತು, ‘ಅವರು ನಮ್ಮವರಲ್ಲ, ಗುತ್ತಿಗೆದಾರನ ಕಡೆಯವರು.’ ಪರಿಹಾರದ ಕಾನೂನು ಇದನ್ನು ಒಪ್ಪುವುದಿಲ್ಲ. ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನೇ ಪರಿಹಾರ ಕೊಡಬೇಕು. ಬೇಕಿದ್ದರೆ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಮೇಸ್ತ್ರಿಯ ಮೊಬೈಲ್ ಸ್ವಿಚ್ ಆಫ್ ಆದ ಮಾತ್ರಕ್ಕೆ ಸತ್ತವರ ಮನೆಯವರು ಬರಿಗೈಲಿ ಊರಿಗೆ ಹೋಗಬೇಕಿಲ್ಲ.

ಸೇಫ್ಟಿ ಆಫೀಸರ್ ಇದ್ದಾರೆ ಎಂಬುದೂ ರಕ್ಷಾಕವಚವಲ್ಲ. ಆತ ಸಲಹೆಗಾರ. ಕಂಪನಿಯ ಪರವಾಗಿ ಕಾರ್ಖಾನೆಯ ಹೊಣೆ ಹೊರುವವರು ನಿರ್ದೇಶಕರಲ್ಲೇ ಒಬ್ಬರಾಗಿರಬೇಕು, ಸಂಬಳದ ಅಧಿಕಾರಿಯೊಬ್ಬನನ್ನು ಮುಂದೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿದೆ. ಇಎಸ್‌ಐ ಕಟ್ಟುತ್ತಿದ್ದೇವೆ ಎಂಬುದೂ ಅಷ್ಟೇ: ಅದು ಗಾಯಗೊಂಡವನ ಚಿಕಿತ್ಸೆ ಮತ್ತು ಭತ್ಯೆ ನೋಡಿಕೊಳ್ಳುತ್ತದೆ, ಸುರಕ್ಷತಾ ನಿಯಮ ಮುರಿದವನ ಮೇಲಿನ ಮೊಕದ್ದಮೆಯನ್ನಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ ‘ಇಷ್ಟು ವರ್ಷ ಏನೂ ಆಗಿಲ್ಲ’ ಎಂಬುದು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಂತೂ ಆಗಿತ್ತು. 1981ರ ಡಿಸೆಂಬರ್‌ನಲ್ಲಿ ಫಾಸ್ಜೀನ್ ಅನಿಲ ತಗುಲಿ ಕಾರ್ಮಿಕನೊಬ್ಬ ಸತ್ತ. ಮರುವರ್ಷ ಅಮೆರಿಕದಿಂದ ಬಂದ ಕಂಪನಿಯ ತಂಡವೇ ದೋಷಗಳನ್ನು ಪಟ್ಟಿ ಮಾಡಿತು. ಪತ್ರಕರ್ತ ರಾಜಕುಮಾರ್ ಕೇಸ್ವಾನಿ ನಗರ ಜ್ವಾಲಾಮುಖಿಯ ಮೇಲೆ ಕೂತಿದೆ ಎಂಬರ್ಥದಲ್ಲಿ ಬರೆದೇ ಬರೆದರು. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಸೋರಿದಾಗ ಟ್ಯಾಂಕನ್ನು ತಣ್ಣಗಿಡಬೇಕಾದ ಶೀತಲ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು, ಅನಿಲವನ್ನು ಸುಡಬೇಕಾದ ಗೋಪುರದ ಪೈಪಿನ ತುಂಡನ್ನು ರಿಪೇರಿಗೆಂದು ಬಿಚ್ಚಿಡಲಾಗಿತ್ತು. ಒಂದೊಂದರ ಹಿಂದೆಯೂ ಯಾರದೋ ನಿರ್ಧಾರವಿತ್ತು. ಆ ದುರಂತದ ಬಳಿಕ, 1987ರ ತಿದ್ದುಪಡಿಯಲ್ಲಿ, ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯ ಕಾಪಾಡುವುದು ಕಾರ್ಖಾನೆಯ ಒಡೆಯನ ಸಾಮಾನ್ಯ ಕರ್ತವ್ಯ ಎಂಬ ಕಲಮು ಕಾರ್ಖಾನೆ ಕಾಯ್ದೆಗೆ ಸೇರಿತು.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗದಲ್ಲಿ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಜಾರಿಯಲ್ಲಿದೆ. ಮಾಲೀಕನ ಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಐದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಪಾಲನ್ನು ಮೃತರ ಮನೆಯವರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಸುರಕ್ಷತೆಗೆಂದು ಕೊಟ್ಟ ಬೂಟು, ಹೆಲ್ಮೆಟ್ಟಿನ ದುಡ್ಡನ್ನು ಸಂಬಳದಲ್ಲಿ ಮುರಿದುಕೊಳ್ಳುವುದು ಈ ಸಂಹಿತೆಯಡಿ ತಪ್ಪು. ಪ್ರತಿ ಕೆಲಸಗಾರನಿಗೆ ನೇಮಕಾತಿ ಪತ್ರವನ್ನೂ ಕೊಡಬೇಕು. ಅವಘಡದ ನಂತರ ‘ಇವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಎಂದು ಮಾಲೀಕ ಹೇಳಿದರೆ, ಕೆಲಸಗಾರನ ಮನೆಯವರು ಮೊದಲು ಹುಡುಕಬೇಕಾದ ಕಾಗದ ಅದೇ.