ಪೀಳಿಗೆಯಿಂದ ಪೀಳಿಗೆಗೆ ಮಾಗುವ ಸರ್ಕ್ಯೂಟ್

ಕ್ವಾಂಟಮ್ ಗಣನೆಯಲ್ಲಿ ಮತ್ತೆ ಮತ್ತೆ ಬೇಕಾಗುವುದು ಟಾಫೋಲಿ ಗೇಟ್. ಮೂರು ಕ್ಯೂಬಿಟ್‌ಗಳಲ್ಲಿ (ಕ್ವಾಂಟಮ್ ಮಾಹಿತಿಯ ಮೂಲ ಘಟಕಗಳಲ್ಲಿ) ಮೊದಲ ಎರಡೂ 1 ಆಗಿದ್ದಾಗ ಮಾತ್ರ ಮೂರನೆಯದನ್ನು 0 ಇದ್ದರೆ 1ಕ್ಕೆ, 1 ಇದ್ದರೆ 0ಗೆ ತಿರುಗಿಸುವುದು ಅದರ ಕೆಲಸ. ಅದನ್ನು ಸಾಮಾನ್ಯವಾಗಿ ಹಡಮಾರ್ಡ್, ಟಿ, ಟಿಯ ವಿಲೋಮ, ಸಿನಾಟ್ ಎಂಬ ಚಿಕ್ಕ ಗೇಟುಗಳಿಂದ ಕಟ್ಟುತ್ತಾರೆ. ಪಠ್ಯಪುಸ್ತಕದ ಜೋಡಣೆಗೆ ಇಂಥ 15 ಗೇಟುಗಳು ಬೇಕು. ಯಾವ ಗೇಟು, ಯಾವ ಕ್ಯೂಬಿಟ್‌ನ ಮೇಲೆ ಎಂದು ಲೆಕ್ಕ ಹಾಕಿದರೆ ಪ್ರತಿ ಹೆಜ್ಜೆಗೂ 15 ಆಯ್ಕೆ. ಒಟ್ಟು ಸಾಧ್ಯತೆಗಳನ್ನು ಹೇಳಲು ಒಂದರ ಮುಂದೆ 17 ಸೊನ್ನೆ ಬರೆದರೂ ಸಾಲದು.

ಒಂದೊಂದಾಗಿ ಹುಡುಕುವುದು ಆಗದ ಮಾತು. ಜಾನ್ ಹಾಲಂಡ್ 1975ರ ಪುಸ್ತಕದಲ್ಲಿ ವಿವರಿಸಿದ ಜೆನೆಟಿಕ್ ಅಲ್ಗಾರಿದಮ್ ಇಲ್ಲಿ ಕೈಹಿಡಿಯುತ್ತದೆ. ಮನಸ್ಸಿಗೆ ಬಂದಂತೆ ಜೋಡಿಸಿದ ನೂರಾರು ಸರ್ಕ್ಯೂಟ್‌ಗಳಿಂದ ಆರಂಭ. ಬೇಕಾದ ಫಲಕ್ಕೆ ಹತ್ತಿರ ಬಂದವಕ್ಕೆ ಹೆಚ್ಚು ಅಂಕ, ಗೇಟು ಹೆಚ್ಚಾದರೆ ಅಂಕ ಕಡಿತ. ಗೆದ್ದ ಎರಡನ್ನು ನಡುವೆ ಕತ್ತರಿಸಿ ತುಂಡುಗಳನ್ನು ಅದಲುಬದಲಾಗಿ ಜೋಡಿಸಿದರೆ ಮರಿ ಸರ್ಕ್ಯೂಟ್‌ಗಳು ಸಿಗುತ್ತವೆ. ಅಲ್ಲೊಂದು ಇಲ್ಲೊಂದು ಗೇಟನ್ನು ಸುಮ್ಮನೆ ಬದಲಿಸುವುದೂ ಉಂಟು. ಹೀಗೆ ಪೀಳಿಗೆಯ ಮೇಲೆ ಪೀಳಿಗೆ.

ಒಂದೆರಡು ಗೇಟು ಉಳಿಸಲು ಇಷ್ಟೆಲ್ಲ ಏಕೆ? ಇಂದಿನ ಕ್ವಾಂಟಮ್ ಯಂತ್ರಗಳಲ್ಲಿ ಪ್ರತಿ ಗೇಟೂ ಒಂದಿಷ್ಟು ದೋಷವನ್ನು ಸೇರಿಸುತ್ತದೆ, ಎರಡು ಕ್ಯೂಬಿಟ್‌ಗಳನ್ನು ಬೆಸೆಯುವ ಗೇಟು ಇನ್ನೂ ಹೆಚ್ಚು. ಸರ್ಕ್ಯೂಟ್ ಉದ್ದವಾದರೆ ಉತ್ತರ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಒಂದು ಕ್ಯೂಬಿಟ್‌ನ ಸ್ಥಿತಿಯನ್ನು ಬೇರೊಂದು ಕ್ಯೂಬಿಟ್‌ಗೆ ದಾಟಿಸುವ ಕ್ವಾಂಟಮ್ ಟೆಲಿಪೋರ್ಟೇಶನ್‌ಗೆ ಜಿಲ್ ಬ್ರಸಾರ್ 1996ರಲ್ಲಿ ಒಂದು ಸರ್ಕ್ಯೂಟ್ ಕೊಟ್ಟಿದ್ದರು. ಕಾಲಿನ್ ವಿಲಿಯಮ್ಸ್ ಮತ್ತು ಅಲೆಕ್ಸಾಂಡರ್ ಗ್ರೇ ಅದೇ ಸಮಸ್ಯೆಯನ್ನು ವಿಕಾಸದ ದಾರಿಯಲ್ಲಿ ಬಿಡಿಸಲು ಹೊರಟರು. 2000ರಲ್ಲಿ ಜಪಾನಿನ ಯಬುಕಿ ಮತ್ತು ಇಬಾ, ಅಲ್ಲಿಯವರೆಗೆ ಗೊತ್ತಿದ್ದವುಗಳಿಗಿಂತ ಸರಳವಾದ ಟೆಲಿಪೋರ್ಟೇಶನ್ ಸರ್ಕ್ಯೂಟನ್ನು ಜೆನೆಟಿಕ್ ಅಲ್ಗಾರಿದಮ್ ಮೂಲಕ ಪಡೆದದ್ದಾಗಿ ಪ್ರಕಟಿಸಿದರು. ನುರಿತವರು ಕೈಯಾರೆ ಕಟ್ಟಿದ್ದರಲ್ಲೂ ಉಳಿಸಲು ಜಾಗವಿತ್ತು! ಚೆಂದದ ಜೋಡಣೆ ಹೇಗಿರಬೇಕೆಂಬ ಕಲ್ಪನೆಯೇ ಇಲ್ಲದ ಹುಡುಕಾಟಕ್ಕೆ ಅದು ಕಂಡದ್ದು ನಿಜಕ್ಕೂ ಬೆರಗಿನ ಸಂಗತಿ.

ಆದರೆ ಇದು ಸಲೀಸಾದ ದಾರಿಯಲ್ಲ. ಮೊದಲ ಗೇಟು ಬದಲಾದರೆ ಮುಂದಿನವುಗಳ ಪರಿಣಾಮವೆಲ್ಲ ಬದಲಾಗಬಹುದು. ಒಳ್ಳೆಯ ತಂದೆತಾಯಿಗೆ ಕೆಲಸಕ್ಕೆ ಬಾರದ ಮರಿ ಹುಟ್ಟುವುದು ಮಾಮೂಲು. ಅಂಕ ಕೊಡುವುದು ಅದಕ್ಕಿಂತ ದೊಡ್ಡ ಕಷ್ಟ. ಸಾಮಾನ್ಯ ಕಂಪ್ಯೂಟರಿನಲ್ಲಿ ಸರ್ಕ್ಯೂಟನ್ನು ಪೂರ್ಣವಾಗಿ ಅನುಕರಿಸಲು ಹೋದರೆ ಒಂದೊಂದು ಕ್ಯೂಬಿಟ್ ಸೇರಿದಂತೆಲ್ಲ ಲೆಕ್ಕ ಇಮ್ಮಡಿಯಾಗುತ್ತದೆ. 30 ಕ್ಯೂಬಿಟ್‌ಗೆ ಸುಮಾರು 107 ಕೋಟಿ ಸಂಖ್ಯೆಗಳನ್ನು ನೆನಪಿಡಬೇಕು, ಅದೂ ಪೀಳಿಗೆಯ ಪ್ರತಿ ಸದಸ್ಯನಿಗೂ.

ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ಆಗ ಇದ್ದ ಲೀ ಸ್ಪೆಕ್ಟರ್ ಇದಕ್ಕೊಂದು ಉಪಾಯ ಹೂಡಿದರು. ಸರ್ಕ್ಯೂಟನ್ನೇ ಬೆಳೆಸುವ ಬದಲು, ಸಮಸ್ಯೆಯ ಗಾತ್ರಕ್ಕೆ ತಕ್ಕ ಸರ್ಕ್ಯೂಟನ್ನು ಬರೆದುಕೊಡುವ ಪ್ರೋಗ್ರಾಮನ್ನು ಬೆಳೆಸಿದರು. ಅಂಥದ್ದು ಸಣ್ಣ ಗಾತ್ರದಲ್ಲಿ ಪಳಗಿ ದೊಡ್ಡದಕ್ಕೂ ಒದಗಬಲ್ಲದು. ಭೌತವಿಜ್ಞಾನಿಗಳ ಜೊತೆಗೂಡಿ 1999ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಫಲ, ಆಂಡ್-ಆರ್ ಎಂಬ ತರ್ಕದ ಸಮಸ್ಯೆಯಲ್ಲಿ ಸಾಮಾನ್ಯ ಕಂಪ್ಯೂಟರ್ ವಿಧಾನವನ್ನು ಮೀರಿಸುವ, ವಿಕಾಸದಿಂದಲೇ ಸಿಕ್ಕ ಕ್ವಾಂಟಮ್ ಪ್ರೋಗ್ರಾಮ್.