ಮೂರು ವರ್ಷಕ್ಕೊಂದು ನೆಲ

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಲೆನಾಕ್ಸ್ ಅವೆನ್ಯೂವಿನ 140 ಮತ್ತು 141ನೇ ಬೀದಿಗಳ ನಡುವೆ ಉದ್ದಕ್ಕೂ ಚಾಚಿಕೊಂಡ ಕುಣಿತದ ಮನೆಯೊಂದಿತ್ತು. ಹೆಸರು ಸವಾಯ್ ಬಾಲ್‌ರೂಮ್. 1926ರ ಮಾರ್ಚ್‌ನಲ್ಲಿ ಬಾಗಿಲು ತೆರೆದ ಅದರ ಮರದ ನೆಲವನ್ನು ಮೂರು ವರ್ಷಕ್ಕೊಮ್ಮೆ ಕಿತ್ತು ಹೊಸದಾಗಿ ಹಾಸಬೇಕಾಗುತ್ತಿತ್ತಂತೆ. ಅಷ್ಟು ಸವೆತ! ಸ್ವಿಂಗ್ ನೃತ್ಯದ ತಾಯಿಬೇರಾದ ಲಿಂಡಿ ಹಾಪ್ ಚಿಗುರಿ ಬಲಿತದ್ದು ಆ ನೆಲದ ಮೇಲೆ. ಯಾವ ಗುರುವೂ ಕೂತು ಹೆಣೆದ ಕಲೆಯಲ್ಲ ಇದು.

ಗುರುವಾರದ ರಾತ್ರಿಗೆ ಅಲ್ಲಿ ‘ಕಿಚನ್ ಮೆಕ್ಯಾನಿಕ್ಸ್ ನೈಟ್’ ಎಂಬ ಹೆಸರು. ಬಿಳಿಯರ ಮನೆಗಳಲ್ಲಿ ಅಡುಗೆ, ಕಸಮುಸುರೆ ಮಾಡುತ್ತಿದ್ದ ಹೆಂಗಸರಿಗೆ ಅವತ್ತು ಬಿಡುವು. ಕೂಗಳತೆಯಲ್ಲಿದ್ದ ಕಾಟನ್ ಕ್ಲಬ್ಬಿನಲ್ಲಿ ಕುಣಿಯುವವರು ಕಪ್ಪುಜನ, ಕೂತು ನೋಡುವವರು ಬಿಳಿಯರು. ಸವಾಯ್‌ನಲ್ಲಿ ಇಬ್ಬರ ಕಾಲೂ ಒಂದೇ ನೆಲದ ಮೇಲೆ. ವೇದಿಕೆಗಳೂ ಎರಡು: ಒಂದು ಬ್ಯಾಂಡ್ ನಿಲ್ಲಿಸಿದರೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಜಿದ್ದಿನ ರಾತ್ರಿಗಳಲ್ಲಂತೂ ನಮ್ಮ ಕರಾವಳಿಯ ಯಕ್ಷಗಾನದ ಜೋಡಾಟವೇ ಸರಿ. 1937ರಲ್ಲಿ ಗೂನುಬೆನ್ನಿನ ಡ್ರಮ್ಮರ್ ಚಿಕ್ ವೆಬ್, ದೇಶವೆಲ್ಲ ಹೊಗಳುತ್ತಿದ್ದ ಬೆನ್ನಿ ಗುಡ್‌ಮನ್‌ನ ತಂಡವನ್ನು ಇಲ್ಲೇ ಮಣಿಸಿದ.

ಕುಣಿತದ ಜೀವ ‘ಸ್ವಿಂಗ್ ಔಟ್’ ಎಂಬ ಎಂಟೆಣಿಕೆಯ ಪಟ್ಟಿನಲ್ಲಿದೆ. ಜೋಡಿ ಹತ್ತಿರ ಬಂದು, ಅಪ್ಪಿ, ಒಂದು ಸುತ್ತು ಸುತ್ತಿ, ಬೀಸಿದಂತೆ ದೂರವಾಗುತ್ತದೆ. ಆದರೆ ಕೈ ಬಿಡುವುದಿಲ್ಲ. ಮಂಡಿ ಸಡಿಲ, ಸೊಂಟ ಬಗ್ಗಿಸಿದ್ದು, ಮೈ ಓಟಕ್ಕೆ ಹೊರಟಂತೆ ಮುಂದಕ್ಕೆ. ಆ ದೂರದ ಗಳಿಗೆಯಲ್ಲಿ ಇಬ್ಬರೂ ಮನಸ್ಸಿಗೆ ಬಂದ ಹೆಜ್ಜೆ ಹಾಕಬಹುದು. ಚಾರ್ಲ್‌ಸ್ಟನ್‌ನಂಥ ಹಳೆಯ ಕುಣಿತಗಳನ್ನು ಅರಗಿಸಿಕೊಂಡ ಇದಕ್ಕೆ ಹೆಸರು ಬಂದದ್ದು, 1927ರಲ್ಲಿ ಒಂಟಿಯಾಗಿ ಅಟ್ಲಾಂಟಿಕ್ ದಾಟಿದ ವಿಮಾನಿ ಲಿಂಡ್‌ಬರ್ಗ್‌ನಿಂದ ಎನ್ನುತ್ತಾರೆ.

ಕುಣಿತವೂ ಒಂದು ದಿನ ನೆಲ ಬಿಟ್ಟು ಹಾರಿತು. ಕುಳ್ಳ ‘ಶಾರ್ಟಿ’ ಜಾರ್ಜ್ ಸ್ನೋಡೆನ್‌ನನ್ನು ಅವನ ಎತ್ತರದ ಜೊತೆಗಾತಿ ಬಿಗ್ ಬಿಯಾ ಬೆನ್ನ ಮೇಲೆ ಹೊತ್ತು ನಡೆಯುವುದು ಅಲ್ಲಿನ ಹೆಸರಾಂತ ತಮಾಷೆ. ಎಳೆಯ ಫ್ರಾಂಕಿ ಮ್ಯಾನಿಂಗ್‌ಗೆ ಅದನ್ನು ತಿರುವುಮುರುವು ಮಾಡುವ ಹಟ. ಜೊತೆಗಾತಿ ಫ್ರೀಡಾ ವಾಷಿಂಗ್ಟನ್ ಮನೆಯಲ್ಲಿ ಹಾಸಿಗೆ ಹಾಸಿ ಅಭ್ಯಾಸ ನಡೆಯಿತು. 1935ರ ಪಂದ್ಯದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಅವಳನ್ನು ತಲೆಯ ಮೇಲಿಂದ ಉರುಳಿಸಿ ತಾಳಕ್ಕೆ ಸರಿಯಾಗಿ ನೆಲಕ್ಕಿಳಿಸಿದ. ನನಗೆ ಹಾರಿಕೆಗಿಂತ ಆ ‘ತಾಳಕ್ಕೆ ಸರಿಯಾಗಿ’ ಎಂಬುದೇ ದೊಡ್ಡದು. ಬರೀ ಎಸೆಯುವುದು ದೊಂಬರಾಟ. ಅನುಮಾನವಿದ್ದವರು 1941ರ ‘ಹೆಲ್‌ಝಪಾಪಿನ್’ ಚಿತ್ರದಲ್ಲಿ ಅವನ ತಂಡವನ್ನು ನೋಡಲಿ.

ಯುದ್ಧ ಬಂತು, ಕುಣಿಯುವ ಜಾಗಗಳಿಗೆ ತೆರಿಗೆ ಬಿತ್ತು, ಜಾಝ್ ಸಂಗೀತ ಕೂತು ಕೇಳುವ ಬೀಬಾಪ್‌ನತ್ತ ಹೊರಳಿತು. ಫ್ರಾಂಕಿ ಅಂಚೆ ಇಲಾಖೆ ಸೇರಿದ. 1986ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಕುಣಿತಗಾರರು ಫೋನ್ ಮಾಡಿ, ಆ ಫ್ರಾಂಕಿ ಮ್ಯಾನಿಂಗ್ ನೀವೇನಾ ಎಂದರೆ, ಅಂಚೆ ನೌಕರ ಫ್ರಾಂಕಿ ಮ್ಯಾನಿಂಗ್ ನಾನು ಎಂದನಂತೆ. ಕೊನೆಗೆ ಅವರಿಗೆ ಕಲಿಸಲು ಒಪ್ಪಿದ. 2009ರಲ್ಲಿ, 94ರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಸ್ವೀಡನ್ ಮೊದಲಾಗಿ ದೇಶದೇಶಗಳಲ್ಲಿ ಕಲಿಸಿದ.

ಸವಾಯ್ 1958ರಲ್ಲಿ ಮುಚ್ಚಿತು, ಮರುವರ್ಷ ನೆಲಸಮವಾಯಿತು. ಅಲ್ಲೀಗ ವಸತಿ ಕಟ್ಟಡಗಳು, ಜೊತೆಗೊಂದು ನೆನಪಿನ ಫಲಕ. 2002ರಲ್ಲಿ ಅದರ ಪರದೆ ಸರಿಸಿದವರು ಫ್ರಾಂಕಿ ಮತ್ತು ಅವನ ಹಳೆಯ ತಂಡದ ನಾರ್ಮಾ ಮಿಲ್ಲರ್.